ಪೌತಿ ಖಾತೆಯ ಹೆಸರಿನಲ್ಲಿ ಹಕ್ಕು ಬಿಡುಗಡೆ

ತಂದೆ ತೀರಿಕೊಂಡ ಮೇಲೆ ಜಮೀನಿನ ಪಹಣಿಯಲ್ಲಿ ವಾರಸುದಾರರ ಹೆಸರು ಸೇರಿಸುವುದಕ್ಕೆ ಪೌತಿ ಖಾತೆ ಎನ್ನುತ್ತಾರೆ. ಹಳ್ಳಿಯ ಹೆಣ್ಣುಮಕ್ಕಳ ತವರಿನ ಪಾಲು ಕೈಬಿಟ್ಟುಹೋಗುವುದು ಬಹುಮಟ್ಟಿಗೆ ಈ ಹಂತದಲ್ಲೇ. ಪಹಣಿಯಲ್ಲಿ ಹೆಸರಿಲ್ಲದ ಹೆಂಗಸಿಗೆ ಬೆಳೆ ಸಾಲ ಹುಟ್ಟುವುದಿಲ್ಲ, ಬೆಳೆ ಪರಿಹಾರ ಬರುವುದಿಲ್ಲ, ಮನೆಯೊಳಗೆ ಅವಳ ಮಾತಿಗೆ ತೂಕವೂ ಬರುವುದಿಲ್ಲ.

ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಂತೆ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಪಾಲು, ಹುಟ್ಟಿನಿಂದಲೇ. ಮದುವೆ ಯಾವಾಗ ಆಯಿತು ಎಂಬುದು ಈಗ ಪ್ರಶ್ನೆಯಲ್ಲ. ತಿದ್ದುಪಡಿ ಬಂದ ದಿನ ತಂದೆ ಬದುಕಿರಲಿಲ್ಲ ಎಂಬ ಕಾರಣಕ್ಕೆ ಪಾಲು ತಪ್ಪುವುದಿಲ್ಲವೆಂದು ಸುಪ್ರೀಂ ಕೋರ್ಟ್ 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ತೀರ್ಪಿತ್ತಿದೆ. ತಂದೆಯ ಸ್ವಯಾರ್ಜಿತ ಆಸ್ತಿಗೆ ಉಯಿಲು ಇಲ್ಲದಿದ್ದರೆ ಅವರ ಹೆಂಡತಿ, ತಾಯಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಎಲ್ಲರಿಗೂ ಸಮಪಾಲು. ಉಯಿಲು ಇದ್ದರೆ ಲೆಕ್ಕ ಬೇರೆ. 2004ರ ಡಿಸೆಂಬರ್ 20ಕ್ಕೆ ಮೊದಲೇ ನೋಂದಾಯಿತ ವಿಭಾಗ ಪತ್ರವೋ ಕೋರ್ಟಿನ ಅಂತಿಮ ಡಿಕ್ರಿಯೋ ಆಗಿದ್ದರೆ ಅದನ್ನು ಕದಲಿಸಲಾಗದು. ಮುಸ್ಲಿಮರಿಗೆ, ಕ್ರೈಸ್ತರಿಗೆ, ಪರಿಶಿಷ್ಟ ಪಂಗಡದವರಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲ.

ಹಕ್ಕಿದೆಯೆಂದು ಗೊತ್ತಿದ್ದೂ ಕೇಳದವರು ಅನೇಕರು. ಗೌರಿ ಹಬ್ಬಕ್ಕೆ ಬಾಗಿನ ತರುವವನು ತಮ್ಮ, ಪಂಚಮಿಗೆ ಕರೆಯಲು ಬರುವವನು ಅಣ್ಣ. ಗಂಡನ ಮನೆಯಲ್ಲಿ ಏಟು ಬಿದ್ದರೆ ಓಡಿಬರಲು ಇರುವ ಒಂದೇ ಬಾಗಿಲು ತವರು. ಪಾಲು ಕೇಳಿದರೆ ಆ ಬಾಗಿಲು ಮುಚ್ಚೀತೆಂಬ ಅಂಜಿಕೆಯನ್ನು ಯಾರೂ ಹಗುರಾಗಿ ಕಾಣಬಾರದು. "ಮದುವೆಗೆ ಖರ್ಚು ಮಾಡಿದ್ದೀವಲ್ಲ" ಎಂಬ ಮಾತಿಗೆ ಮಾತ್ರ ಕಾನೂನಿನಲ್ಲಿ ಬೆಲೆಯಿಲ್ಲ. ಮದುವೆ ಖರ್ಚು ಪಾಲಿಗೆ ವಜಾ ಆಗುವುದಿಲ್ಲ.

ಮೋಸ ನಡೆಯುವ ಬಗೆ ಹೆಚ್ಚುಕಡಿಮೆ ಒಂದೇ. ತಿಥಿ ಮುಗಿದು ವಾರವಾಗಿರುತ್ತದೆ. "ಅಪ್ಪನ ಖಾತೆ ಬದಲಾಯಿಸಬೇಕು, ಬಂದು ಒಂದು ಸಹಿ ಹಾಕಕ್ಕ" ಎಂದು ತಮ್ಮ ತಾಲ್ಲೂಕಿಗೆ ಕರೆದೊಯ್ಯುತ್ತಾನೆ. ಪತ್ರ ಬರಹಗಾರ ಹಾಳೆ ಮಗುಚುತ್ತ "ಇಲ್ಲಿ, ಇಲ್ಲಿ" ಎಂದು ಬೆರಳಿಡುತ್ತಾನೆ. ಕ್ಯಾಮೆರಾದ ಮುಂದೆ ಕೂರಿಸಿ ಹೆಬ್ಬೆರಳ ಗುರುತು ಪಡೆಯುತ್ತಾರೆ. ಹೊರಬರುವುದು ಹಕ್ಕು ಬಿಡುಗಡೆ ಪತ್ರ. ಅರಿಶಿನ ಕುಂಕುಮದ ಬಾಬ್ತು ನಗದು ಪಡೆದು ಪಾಲನ್ನು ಸ್ವಸಂತೋಷದಿಂದ ಬಿಟ್ಟಿರುವುದಾಗಿ ಅದರಲ್ಲಿ ಬರೆದಿರುತ್ತದೆ. ಬರೆದುಕೊಟ್ಟದ್ದು ನಿಜವೇ ಎಂದು ವಿಚಾರಿಸುವುದು ನೋಂದಣಿ ಅಧಿಕಾರಿಯ ಕರ್ತವ್ಯ. ತಲೆಯೆತ್ತದೆ "ಒಪ್ಪಿಗೆನಾ?" ಎಂದಷ್ಟೇ ಕೇಳಿ ಮುಗಿಸುವ ಅಧಿಕಾರಿಗಳೂ, ಓದಿ ಹೇಳದೆ ಸಹಿ ಹಾಕಿಸುವ ಬರಹಗಾರರೂ ಈ ಅನ್ಯಾಯದಲ್ಲಿ ಪಾಲುದಾರರು.

ಗುರುತಿಡಬೇಕಾದ ಸಂಗತಿ ಇದು: ಪೌತಿ ಖಾತೆಯ ಅರ್ಜಿ ಹೋಗುವುದು ನಾಡ ಕಚೇರಿಗೆ. ಮರಣ ಪ್ರಮಾಣಪತ್ರ, ವಂಶವೃಕ್ಷ, ಪಹಣಿ ಇದ್ದರೆ ಎಲ್ಲ ವಾರಸುದಾರರ ಹೆಸರಿಗೂ ಜಂಟಿ ಖಾತೆಯಾಗುತ್ತದೆ. ಅದಕ್ಕೆ ಸಬ್ ರಿಜಿಸ್ಟ್ರಾರ್ ಕಚೇರಿಯ ಮೆಟ್ಟಿಲು ಹತ್ತುವ ಅಗತ್ಯವೇ ಇಲ್ಲ. ಹತ್ತಿಸಿದರೆಂದರೆ ಅಲ್ಲಿ ಬೇರೇನೋ ಬರೆಸುತ್ತಿದ್ದಾರೆ. ಪತ್ರವನ್ನು ಮನೆಗೆ ಒಯ್ದು ಬೇರೆಯವರಿಂದ ಓದಿಸಿಕೊಳ್ಳುವವರೆಗೆ ಸಹಿ ಹಾಕಬಾರದು. "ಇವತ್ತೇ ಆಗಬೇಕು" ಎಂದು ಅವಸರಪಡಿಸುವ ಮಧ್ಯವರ್ತಿಯನ್ನಂತೂ ನಂಬಲೇಬಾರದು.

ವಂಶವೃಕ್ಷದಲ್ಲೇ ಹೆಣ್ಣುಮಕ್ಕಳ ಹೆಸರು ಕೈಬಿಡುವುದು ಇನ್ನೊಂದು ದಾರಿ. ನಾಲ್ಕು ಮನೆ ವಿಚಾರಿಸಿದರೆ ತಿಳಿಯುವ ಸತ್ಯವನ್ನು ಕೂತಲ್ಲೇ ಮುಚ್ಚಿ ವರದಿ ಬರೆಯುವ ಕಂದಾಯ ಸಿಬ್ಬಂದಿಯೂ ಇದ್ದಾರೆ. ಹಾಗಾಗಿದ್ದರೆ ಪಹಣಿಯ ಜೊತೆಗೆ ಮ್ಯುಟೇಶನ್ (ಖಾತೆ ಬದಲಾವಣೆ) ಪ್ರತಿಯನ್ನೂ ತೆಗೆಸಬೇಕು. ಆದೇಶ ತಲುಪಿದ ಅಥವಾ ದಾಖಲೆ ತಿಳಿದುಬಂದ 60 ದಿನದೊಳಗೆ ಉಪವಿಭಾಗಾಧಿಕಾರಿಗೆ ಮೇಲ್ಮನವಿ ಸಲ್ಲಿಸಬಹುದು. ಅವಧಿ ಮೀರಿತೆಂದು ಪಾಲು ಹೋಗುವುದಿಲ್ಲ. ಖಾತೆ ಅಣ್ಣನ ಹೆಸರಿಗಾದ ಮಾತ್ರಕ್ಕೆ ಜಮೀನು ಅವನೊಬ್ಬನದಾಗದು. ಸಿವಿಲ್ ಕೋರ್ಟಿನಲ್ಲಿ ವಿಭಾಗದ ದಾವೆ ಹೂಡಬಹುದು. ಆದರೆ ಪಾಲಿನಿಂದ ಹೊರಗಿಟ್ಟದ್ದು ತಿಳಿದ ಮೇಲೆ 12 ವರ್ಷ ಸುಮ್ಮನಿದ್ದರೆ ಕಾಲಮಿತಿಯ ತೊಡಕು ಬರುತ್ತದೆ.

ಬಿಡುಗಡೆ ಪತ್ರಕ್ಕೆ ಸಹಿ ಬಿದ್ದೇಹೋಗಿದ್ದರೆ? ನೋಂದಣಿಯಾಗದ ಬರೀ ಛಾಪಾ ಕಾಗದದಿಂದ ಜಮೀನಿನ ಹಕ್ಕು ಹೋಗುವುದಿಲ್ಲ. ನೋಂದಣಿಯಾಗಿದ್ದರೆ, ಮೋಸ ತಿಳಿದ ದಿನದಿಂದ ಮೂರು ವರ್ಷದೊಳಗೆ ಅದರ ರದ್ದತಿಗೆ ದಾವೆ ಹಾಕಬೇಕು. ಇಲ್ಲಿ ಒಂದೊಂದು ತಿಂಗಳೂ ಮುಖ್ಯ. ಊರ ಹಿರಿಯರ ಪಂಚಾಯಿತಿ ಮುಗಿಯಲೆಂದು ಕಾಯುತ್ತ ಕೂತು ಅವಧಿ ಕಳೆದುಕೊಂಡವರಿಗೆ ಆಮೇಲೆ ವಕೀಲರಿಂದಲೂ ಹೆಚ್ಚೇನೂ ಮಾಡಲಾಗದು. ಮೋಸವನ್ನು ಸಾಬೀತು ಮಾಡುವ ಹೊರೆಯೂ ಸಹಿ ಹಾಕಿದವಳದೇ.

ದಾವೆಯ ಜೊತೆಗೇ ಜಮೀನು ಪರಭಾರೆಯಾಗದಂತೆ ತಡೆಯಾಜ್ಞೆ ಕೇಳಬೇಕು. ಖರ್ಚಿನ ಭಯ ಬೇಡ: 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯಂತೆ ಆದಾಯ ಎಷ್ಟೇ ಇರಲಿ, ಮಹಿಳೆಗೆ ಉಚಿತ ವಕೀಲರ ನೆರವಿದೆ. ಅರ್ಜಿಯನ್ನು ತಾಲ್ಲೂಕು ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವಾ ಸಮಿತಿಗೆ ಕೊಡಬೇಕು. ಸಹಾಯವಾಣಿ ಸಂಖ್ಯೆ 15100.