‘ಸ್ವಲ್ಪ ಹೊಟ್ಟೆನೋವು ಡಾಕ್ಟ್ರೇ’ ಅನ್ನಬೇಡಿ

ಭದ್ರಾವತಿಯಲ್ಲಿ ಹೈಸ್ಕೂಲು ಓದುವಾಗ ತಿಂಗಳಿಗೆ ಎರಡು ದಿನ ನಾನು ಚಾಪೆ ಬಿಟ್ಟು ಏಳುತ್ತಿರಲಿಲ್ಲ. ಅಪ್ಪನದು ಉಕ್ಕಿನ ಕಾರ್ಖಾನೆ ವಿಐಎಸ್‌ಎಲ್‌ನಲ್ಲಿ ಪಾಳಿ ಕೆಲಸ. ಬೆಳಗಿನ ಪಾಳಿಗೆ ಅವರು ಹೊರಡುವಾಗ ಮೊಣಕಾಲು ಮಡಚಿ ಮಲಗಿದ್ದವಳು, ಮಧ್ಯಾಹ್ನ ಅವರು ಸೈಕಲ್ ನಿಲ್ಲಿಸುವ ಹೊತ್ತಿಗೂ ಹಾಗೇ ಇರುತ್ತಿದ್ದೆ. ಅಮ್ಮ ಜೀರಿಗೆ ಕಷಾಯ ಕುಡಿಸಿ, ಬಿಸಿನೀರಿನ ಬ್ಯಾಗು ಕೊಟ್ಟು, ‘ನಂಗೂ ಹಿಂಗೇ ಆಗ್ತಿತ್ತು ಕಣೆ, ಮದ್ವೆ ಆದ್ಮೇಲೆ ಸರಿಹೋಗುತ್ತೆ’ ಅನ್ನುತ್ತಿದ್ದಳು. ಈ ನೋವಿನ ಹಿಂದೊಂದು ಕಾಯಿಲೆ ಇರಬಹುದು, ಅದು ತಾಯಿಗೋ ಅಕ್ಕನಿಗೋ ಇದ್ದರೆ ನಮಗೂ ಬರುವ ಸಾಧ್ಯತೆ ಹೆಚ್ಚು ಅನ್ನುವುದು ಆಗ ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಪಿಯುಸಿಯಲ್ಲಿ ಒಮ್ಮೆ ತಲೆಸುತ್ತಿ ಬಿದ್ದ ಮೇಲೆ ಶಿವಮೊಗ್ಗಕ್ಕೆ ಕರೆದುಕೊಂಡು ಹೋದರು. ಬಾಟಲಿಗಟ್ಟಲೆ ನೀರು ಕುಡಿದು, ಮೂತ್ರ ತಡೆದುಕೊಂಡು ಬೆಂಚಿನ ಮೇಲೆ ಕೂತು, ಹೊಟ್ಟೆ ಮೇಲಿನ ಸ್ಕ್ಯಾನ್ ಆಯಿತು. ಡಾಕ್ಟರು ರಿಪೋರ್ಟ್ ನೋಡಿ ಅಮ್ಮನ ಕಡೆ ತಿರುಗಿದರು: ‘ಎಲ್ಲಾ ನಾರ್ಮಲ್ ಇದೆ. ಡಿಗ್ರಿ ಮುಗೀಲಿ, ಮದುವೆ ಮಾಡಿ.’ ಹನ್ನೊಂದು ವರ್ಷದ ನಂತರ, ಇಂಗ್ಲೆಂಡಿಗೆ ಬಂದ ಹೊಸದರಲ್ಲಿ, ಇಲ್ಲಿನ ಜಿಪಿ, ಅಂದರೆ ಬಡಾವಣೆಯ ಡಾಕ್ಟರು, ಅದನ್ನೇ ಇಂಗ್ಲಿಷಿನಲ್ಲಿ ಹೇಳಿದರು. ಅಷ್ಟರಲ್ಲಿ ಮದುವೆ ಆಗಿತ್ತಾದ್ದರಿಂದ ‘ಮಗು ಆದರೆ ಸರಿಹೋಗಬಹುದು’ ಅಂದರು, ಅಷ್ಟೇ ವ್ಯತ್ಯಾಸ.

ಕಾಯಿಲೆಯ ಹೆಸರು ಎಂಡೊಮೆಟ್ರಿಯೋಸಿಸ್. ಗರ್ಭಕೋಶದ ಒಳಪದರದಂಥದೇ ಅಂಗಾಂಶ ಅದರ ಹೊರಗೆ, ಅಂಡಾಶಯದ ಮೇಲೆ, ಕಿಬ್ಬೊಟ್ಟೆಯ ಒಳಗೋಡೆಯಲ್ಲಿ, ಕೆಲವೊಮ್ಮೆ ಕರುಳು, ಮೂತ್ರಕೋಶದ ಮೇಲೂ ಬೆಳೆಯುತ್ತದೆ. ಅಲ್ಲಿ ಉರಿಯೂತವಾಗುತ್ತದೆ, ಗಾಯದ ಕಲೆ ಉಳಿಯುತ್ತದೆ, ಅಂಗಗಳು ಒಂದಕ್ಕೊಂದು ಅಂಟಿಕೊಳ್ಳುವುದೂ ಉಂಟು. ಮುಟ್ಟಾಗುವ ವಯಸ್ಸಿನ ಹತ್ತರಲ್ಲಿ ಒಬ್ಬರಿಗೆ, ಜಗತ್ತಿನಲ್ಲಿ ಸುಮಾರು 19 ಕೋಟಿ ಜನಕ್ಕೆ, ಇದು ಇದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ಬ್ರಿಟನ್ನಿನಲ್ಲಿ ಡಾಕ್ಟರ ಬಳಿ ಮೊದಲು ಹೋದಾಗಿನಿಂದ ರೋಗದ ಹೆಸರು ಸಿಗುವವರೆಗೆ ಸರಾಸರಿ 8 ವರ್ಷ 10 ತಿಂಗಳು ಹಿಡಿಯುತ್ತದೆ ಎಂದು ಎಂಡೊಮೆಟ್ರಿಯೋಸಿಸ್ ಯುಕೆ ಸಂಸ್ಥೆ 2024ರಲ್ಲಿ ಹೇಳಿತು. ಹಾಗಾಗಿ ನಮ್ಮ ಬಣ್ಣ, ನಮ್ಮ ಉಚ್ಚಾರಣೆಯೇ ಕಾರಣ ಎಂದುಕೊಂಡು ಕೊರಗಬೇಡಿ. ಇಲ್ಲೇ ಹುಟ್ಟಿ ಬೆಳೆದವರನ್ನೂ ಹೀಗೇ ವಾಪಸ್ ಕಳಿಸುತ್ತಾರೆ.

ಆದರೆ ನನ್ನ ಕಡೆಯದೂ ಒಂದು ತಪ್ಪಿತ್ತು. ಇಂಗ್ಲೆಂಡಿಗೆ ಹೊಸದಾಗಿ ಬಂದ ನಿಮಗೆ ಮುಖ್ಯವಾಗಿ ಹೇಳಬೇಕಾದದ್ದು ಅದೇ. ನಮ್ಮ ಆಡುಮಾತಿನಲ್ಲಿ ಎದೆಗೂಡಿನ ಕೆಳಗಿನಿಂದ ತೊಡೆಯ ಮೇಲಿನವರೆಗೆ ಎಲ್ಲವೂ ಹೊಟ್ಟೆ. ಅಜೀರ್ಣವಾದರೂ ಹೊಟ್ಟೆನೋವು, ಮುಟ್ಟಾದರೂ ಹೊಟ್ಟೆನೋವು. ನಾನು ಅದನ್ನು ಇಂಗ್ಲಿಷಿಗೆ ಹಾಗೇ ಇಳಿಸಿದೆ, ಜಿಪಿ ಗ್ಯಾಸಿನ ಮಾತ್ರೆ ಬರೆದುಕೊಟ್ಟರು! ಜೊತೆಗೆ ದೊಡ್ಡವರ ಮುಂದೆ ನೋವನ್ನು ಕಡಿಮೆ ಮಾಡಿ ಹೇಳುವ ನಮ್ಮ ಅಭ್ಯಾಸ ಬೇರೆ. ‘ಸ್ವಲ್ಪ’ ಎನ್ನದೆ ನಮಗೆ ಮಾತೇ ಹೊರಡುವುದಿಲ್ಲ. ಊರಿನಲ್ಲಿ ಪಕ್ಕದಲ್ಲಿ ಕೂತ ಅಮ್ಮ ‘ಸ್ವಲ್ಪ ಅಲ್ಲ ಸಾರ್, ಎರಡು ದಿನ ಊಟ ಬಿಡ್ತಾಳೆ’ ಎಂದು ಸೇರಿಸುತ್ತಿದ್ದಳು. ಇಲ್ಲಿ ಇರುವುದು ಹತ್ತು ನಿಮಿಷ, ಪಕ್ಕದ ಕುರ್ಚಿ ಖಾಲಿ.

ಆದ್ದರಿಂದ ನೋವನ್ನು ಲೆಕ್ಕದಲ್ಲಿ ಹೇಳಿ. ಮೂರು ತಿಂಗಳು ಕ್ಯಾಲೆಂಡರಿನಲ್ಲಿ ಬರೆದಿಡಿ: ಮುಟ್ಟು ಶುರುವಾದ ದಿನ, ನೋವು ಅದಕ್ಕೂ ಎಷ್ಟು ದಿನ ಮೊದಲು ಬಂತು, ಎಷ್ಟು ಮಾತ್ರೆ ತೆಗೆದುಕೊಂಡಿರಿ, ಎಷ್ಟು ದಿನ ಕೆಲಸ ತಪ್ಪಿತು, ರಾತ್ರಿ ಎಷ್ಟು ಸಲ ಎದ್ದಿರಿ. ಮಲವಿಸರ್ಜನೆಯ ಹೊತ್ತಿಗೆ ನೋವಿದೆಯೇ, ಮೂತ್ರಕ್ಕೆ ಹೋದಾಗ ಇದೆಯೇ, ಗಂಡನ ಜೊತೆ ಕೂಡುವಾಗ ಆಳದಲ್ಲಿ ನೋಯುತ್ತದೆಯೇ, ಇವನ್ನೂ ಬರೆಯಿರಿ. ಬಾಯಲ್ಲಿ ಹೇಳಲು ನಾಚಿಕೆಯಾದರೆ ಚೀಟಿಯನ್ನೇ ಡಾಕ್ಟರ ಕೈಗೆ ಕೊಡಿ. ನಾನು ಹಾಗೇ ಮಾಡಿದ್ದು. ‘ತುಂಬಾ ನೋವು’ ಎಂದಾಗ ಕಂಪ್ಯೂಟರ್ ನೋಡುತ್ತಿದ್ದವರು, ‘ಮೂರು ತಿಂಗಳಲ್ಲಿ ಏಳು ದಿನ ಕೆಲಸ ಹೋಗಿದೆ’ ಎಂದು ಓದಿದ ಮೇಲೆ ಕುರ್ಚಿ ಇತ್ತ ತಿರುಗಿಸಿದರು. ರೋಗದ ಹೆಸರನ್ನೂ ನೀವೇ ಎತ್ತಿ, ‘ಇದು ಎಂಡೊಮೆಟ್ರಿಯೋಸಿಸ್ ಇರಬಹುದೇ?’ ಎಂದು ಕೇಳಿ.

‘ಸ್ಕ್ಯಾನ್ ನಾರ್ಮಲ್ ಇದೆಯಲ್ಲ’ ಎಂಬ ಉತ್ತರ ಬಂದರೆ ಅಲ್ಲಿಗೆ ಏಳಬೇಡಿ. ಅಂಡಾಶಯದಲ್ಲಿ ಹಳೆಯ ರಕ್ತ ತುಂಬಿದ ಗಂಟು, ಅಂದರೆ ಚಾಕೊಲೇಟ್ ಸಿಸ್ಟ್, ಸ್ಕ್ಯಾನಿನಲ್ಲಿ ಕಾಣುತ್ತದೆ, ಒಳಗೋಡೆಗೆ ಅಂಟಿದ ಸಣ್ಣ ಚುಕ್ಕೆಗಳು ಎಷ್ಟೋ ಸಲ ಕಾಣುವುದಿಲ್ಲ. ಪರೀಕ್ಷೆ, ಸ್ಕ್ಯಾನ್, ಎಂಆರ್‌ಐ ಸರಿಯಿದ್ದ ಮಾತ್ರಕ್ಕೆ ರೋಗವಿಲ್ಲ ಎಂದು ತಳ್ಳಿಹಾಕಬಾರದು ಎಂದು ಇಲ್ಲಿ ಡಾಕ್ಟರುಗಳಿಗೆ ಚಿಕಿತ್ಸೆಯ ಮಾರ್ಗಸೂಚಿ ಬರೆಯುವ ನೈಸ್ ಸಂಸ್ಥೆಯೇ ಹೇಳುತ್ತದೆ. ಊರಿನಲ್ಲಿ ಮಾಡಿಸಿದ ಸಿಎ 125 ರಕ್ತಪರೀಕ್ಷೆಯಿಂದಲೂ ಇದನ್ನು ತೀರ್ಮಾನಿಸಲು ಬರುವುದಿಲ್ಲ.

ಇನ್ನು ಮಾತ್ರೆ. ನಮ್ಮ ಹೆಂಗಸರ ಸೂಟ್‌ಕೇಸಿನಲ್ಲಿ ಉಪ್ಪಿನಕಾಯಿಯ ಪಕ್ಕ ಮೆಫ್ತಾಲ್ ಸ್ಪಾಸ್ ಇದ್ದೇ ಇರುತ್ತದೆ. ಆ ಹೆಸರು ಇಲ್ಲಿನ ಫಾರ್ಮಸಿಯಲ್ಲಿ ಯಾರಿಗೂ ತಿಳಿಯುವುದಿಲ್ಲ. ಅದರೊಳಗಿನ ಮೆಫೆನಾಮಿಕ್ ಆಸಿಡ್ ಬೇಕಾದರೆ ಇಲ್ಲಿ ಡಾಕ್ಟರ ಚೀಟಿ ಬೇಕು. ಐಬುಪ್ರೊಫೆನ್ ಚೀಟಿಯಿಲ್ಲದೆ ಸಿಗುತ್ತದೆ, ಆದರೆ ಎರಡೂ ಒಂದೇ ಜಾತಿಯವು, ಒಟ್ಟಿಗೆ ನುಂಗಬಾರದು. ಪ್ಯಾರಸಿಟಮಾಲ್ ಜೊತೆಗೆ ಆಗಬಹುದು. ನೋವು ನೆತ್ತಿಗೇರಿದ ಮೇಲೆ ತೆಗೆದುಕೊಂಡರೆ ಪ್ರಯೋಜನ ಕಡಿಮೆ, ಶುರುವಿನಲ್ಲೇ, ಊಟದ ಜೊತೆ ತೆಗೆದುಕೊಳ್ಳಿ. ಅಲ್ಸರ್, ಆಸ್ತಮಾ, ಕಿಡ್ನಿ ತೊಂದರೆ ಇದ್ದವರು, ಬಸುರಿಯರು ಮೊದಲು ಕೇಳಿಯೇ ತೆಗೆದುಕೊಳ್ಳಬೇಕು. ಹಾರ್ಮೋನ್ ಮಾತ್ರೆ ಬರೆದುಕೊಟ್ಟರೆ ಊರಿನಿಂದ ಅತ್ತೆಯ ಫೋನು ಬರುತ್ತದೆ, ‘ಅದು ಮಕ್ಕಳಾಗದ ಮಾತ್ರೆಯಂತೆ’ ಎಂದು. ತೆಗೆದುಕೊಳ್ಳುವಷ್ಟು ದಿನ ಬಸಿರು ತಡೆಯುವಂಥವು ಇವೆ ನಿಜ, ಆದರೆ ಮುಂದೆ ಮಕ್ಕಳಾಗುವುದಕ್ಕೆ ಅವುಗಳಿಂದ ಶಾಶ್ವತ ತೊಂದರೆ ಇಲ್ಲ. ಮಗು ಬೇಕು ಎಂದಿದ್ದರೆ ಮೊದಲೇ ಡಾಕ್ಟರಿಗೆ ಹೇಳಿ, ದಾರಿ ಬೇರೆಯಾಗುತ್ತದೆ. ಬಿಸಿನೀರಿನ ಬ್ಯಾಗು ಮಾತ್ರ ಅಮ್ಮ ಹೇಳಿದ್ದೇ ಸರಿ. ತೆಳು ಬಟ್ಟೆ ಸುತ್ತಿ ಇಟ್ಟುಕೊಳ್ಳಿ, ಚರ್ಮ ಸುಟ್ಟುಕೊಳ್ಳಬೇಡಿ.

ಒಬ್ಬ ಡಾಕ್ಟರು ಕೇಳಿಸಿಕೊಳ್ಳದಿದ್ದರೆ ಅದೇ ಕ್ಲಿನಿಕ್ಕಿನಲ್ಲಿ ಇನ್ನೊಬ್ಬರನ್ನು ನೋಡಿ. ಹೆಣ್ಣು ಡಾಕ್ಟರು ಬೇಕು, ದುಭಾಷಿ ಬೇಕು, ಎರಡು ಅಪಾಯಿಂಟ್‌ಮೆಂಟಿನಷ್ಟು ಸಮಯ ಬೇಕು ಎಂದು ಕೇಳಬಹುದು. ದುಭಾಷಿಗೆ ದುಡ್ಡಿಲ್ಲ. ಪುಗಸಟ್ಟೆ ತೋರಿಸಿಕೊಳ್ಳುತ್ತಿದ್ದೇವೆ ಎಂಬ ಮುಜುಗರವೂ ಬೇಡ: ನಮ್ಮಲ್ಲಿ ಹೆಚ್ಚಿನವರು ವೀಸಾ ಜೊತೆಗೇ ವರ್ಷಕ್ಕೆ ತಲಾ 1,035 ಪೌಂಡ್ ಆರೋಗ್ಯ ಶುಲ್ಕ ಕಟ್ಟಿ ಬಂದವರು. ಸ್ತ್ರೀರೋಗ ತಜ್ಞರ ಬಳಿ ಕಳಿಸಲು ಒಪ್ಪದಿದ್ದರೆ, ‘ಯಾಕೆ ಬೇಡ ಅಂತ ನನ್ನ ಫೈಲಿನಲ್ಲಿ ಬರೆದಿಡಿ’ ಎಂದು ನಗುಮುಖದಲ್ಲೇ ಹೇಳಿ. ಈ ಒಂದು ಮಾತಿಗೆ ಎಷ್ಟೋ ಬಾಗಿಲು ತೆರೆಯುವುದನ್ನು ನೋಡಿದ್ದೇನೆ. 27ರ ವಯಸ್ಸಿನಲ್ಲಿ ಕ್ಯಾನ್ಸರಿಗೆ ಬಲಿಯಾದ ಜೆಸಿಕಾ ಬ್ರೇಡಿಯ ಹೆಸರಿನಲ್ಲಿ 2025ರ ಸೆಪ್ಟೆಂಬರಿನಲ್ಲಿ ಇಂಗ್ಲೆಂಡಿಗೆ ‘ಜೆಸ್ ನಿಯಮ’ ಬಂದಿದೆ. ಒಂದೇ ತೊಂದರೆಗೆ ರೋಗಿ ಮೂರನೇ ಸಲ ಬಂದರೆ ಜಿಪಿ ಹೊಸದಾಗಿ ಯೋಚಿಸಬೇಕು. ‘ಇದು ನಾನು ಬರುತ್ತಿರುವುದು ಮೂರನೇ ಸಲ’ ಎಂದು ನೆನಪಿಸಿ. ಇವೆಲ್ಲ ಕಾಯಬಲ್ಲ ಮಾತು. ಹಠಾತ್ತನೆ ಒಂದು ಕಡೆ ಸೀಳುವಂಥ ನೋವು ಬಂದರೆ, ಇಲ್ಲವೇ ನೋವಿನ ಜೊತೆ ಜ್ವರ, ಪ್ರಜ್ಞೆ ತಪ್ಪುವುದು, ಬಸಿರಿರಬಹುದು ಎಂಬ ಅನುಮಾನ ಇದ್ದರೆ ತಡಮಾಡದೆ ಎಮರ್ಜೆನ್ಸಿಗೆ ಹೋಗಿ.

ರಜೆಗೆ ಊರಿಗೆ ಹೋದಾಗ ಶಿವಮೊಗ್ಗದಲ್ಲಿ ಸ್ಕ್ಯಾನ್ ಮಾಡಿಸಿಕೊಂಡು ಬರುವವರು ನಮ್ಮಲ್ಲಿ ಬಹಳ ಜನ. ಬೆಳಗ್ಗೆ ಹೋದರೆ ಸಂಜೆಗೆ ರಿಪೋರ್ಟು, ಇಲ್ಲಿ ತಿಂಗಳುಗಟ್ಟಲೆ ಕಾಯುವುದಕ್ಕಿಂತ ಅದು ಒಳ್ಳೆಯದೇ. ಪೂರ್ತಿ ರಿಪೋರ್ಟು, ಚಿತ್ರಗಳಿರುವ ಸಿಡಿ, ಮಾತ್ರೆಯ ಕಂಪನಿ ಹೆಸರಲ್ಲದೆ ಔಷಧದ ಹೆಸರು ಕೇಳಿ ತನ್ನಿ. ಆದರೆ ಮೂರು ವಾರದ ರಜೆಯಲ್ಲಿ ಆಪರೇಷನ್ ಮುಗಿಸಿಕೊಂಡು ಬರುವ ಆತುರ ಬೇಡ. ಹೊಲಿಗೆ ಹಸಿಯಿರುವಾಗ ವಿಮಾನ ಹತ್ತಿ, ಏನಾದರೂ ಆದರೆ ಆಪರೇಷನ್ ಮಾಡಿದವರು ಅಲ್ಲಿ, ನೀವು ಇಲ್ಲಿ.

ನನ್ನ ಲ್ಯಾಪರೊಸ್ಕೋಪಿ, ಅಂದರೆ ಹೊಟ್ಟೆಯೊಳಗೆ ಕ್ಯಾಮೆರಾ ಬಿಟ್ಟು ನೋಡುವ ಆಪರೇಷನ್, ಇಲ್ಲೇ ಆಯಿತು. ಮುಂದಿನ ಸಲ ಭದ್ರಾವತಿಗೆ ಹೋದಾಗ ಅದರ ಫೋಟೊಗಳನ್ನು ಅಮ್ಮನಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ತುಂಬಾ ಹೊತ್ತು ನೋಡಿದಳು. ‘ಹಂಗಾದ್ರೆ ನಿಮ್ಮ ದೊಡ್ಡಮ್ಮಂಗೂ ಇದೇ ಇತ್ತೇನೋ. ಮೂವತ್ತೈದಕ್ಕೇ ಗರ್ಭಕೋಶ ತೆಗೆಸಿದ್ರು. ಆಮೇಲೂ ನೋವು ಅಂತಿದ್ಲು, ನಾವು ಯಾರೂ ನಂಬ್ಲಿಲ್ಲ.’ ಹೊರಗೆ ಬೆಳೆದದ್ದು ಹೊರಗೇ ಉಳಿದಿದ್ದರೆ ಗರ್ಭಕೋಶ ತೆಗೆಸಿದ ಮೇಲೂ ನೋವು ಉಳಿಯಬಹುದು ಎಂದು ಹೇಳಿದೆ. ಅಮ್ಮ ಕನ್ನಡಕ ತೆಗೆದಿಟ್ಟು, ಪೇಪರ್ ಟೌನಿನ ದೊಡ್ಡಮ್ಮನ ಮನೆಗೆ ಫೋನ್ ಮಾಡಲು ಎದ್ದಳು.