ಎರಡನೇ ಸಲ ಮೂಗಿಗೆ ರೊಕ್ಕ

ಮೂಗಿನ ಆಪರೇಷನ್ ಆಗಿ ಎಂಟು ತಿಂಗಳಾಯಿತು. ಬೆಳಿಗ್ಗೆ ಕನ್ನಡಿ ನೋಡಿದರೆ ಮೂಗಿನ ಎಡಗಡೆ ಒಂದು ತಗ್ಗು ಕಾಣುತ್ತದೆ. ರಾತ್ರಿ ಮಲಗಿದರೆ ಬಲ ಹೊಳ್ಳೆ ಕಟ್ಟುತ್ತದೆ. ಇನ್ನೊಮ್ಮೆ ಮಾಡಿಸಲೇ, ಬಿಡಲೇ ಎಂದು ಮುನಿರಾಬಾದಿನ ನಮ್ಮ ಮನೆಯಲ್ಲಿ ದಿನವೂ ಮಾತು ನಡೆದಿದೆ.

ಮೊದಲ ಸಲ ಹೊಸಪೇಟೆಯಲ್ಲಿ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ ಹೊರಟಾಗ ನನ್ನ ತಲೆಯಲ್ಲಿದ್ದದ್ದು ಒಂದೇ ಅಂಕಿ: 1,65,000 ರೂಪಾಯಿ. ಬಿಲ್ಲಿಗೆ ಶೇ 18ರ ಜಿಎಸ್‌ಟಿ, ಅಂದರೆ 29,700 ಸೇರಿತು. ಲಾಡ್ಜು, ಔಷಧಿ, ಓಡಾಟಕ್ಕೆ 21,300. ಸಂಬಳವಿಲ್ಲದ ರಜೆಯಲ್ಲಿ ಹೋದದ್ದು 15,000. ಒಟ್ಟು 2,31,000. ನಾಲ್ಕು ವರ್ಷ ಕಟ್ಟಿದ ಆರ್‌ಡಿ ಅಲ್ಲಿಗೆ ಮುಗಿಯಿತು.

ಆಸ್ಪತ್ರೆಯ ಚಿಕಿತ್ಸೆಗೆ ಜಿಎಸ್‌ಟಿ ಇಲ್ಲ ಎಂದೇ ನಾನು ತಿಳಿದಿದ್ದೆ. ಅಂದಕ್ಕೆಂದು ಮಾಡಿಸುವ ಆಪರೇಷನ್‌ಗೆ ಆ ವಿನಾಯಿತಿ ಇಲ್ಲ. ಪೆಟ್ಟು ಬಿದ್ದು ಕೆಟ್ಟ ಅಂಗವನ್ನೋ ಹುಟ್ಟಿನಿಂದ ಬಂದ ದೋಷವನ್ನೋ ಸರಿಪಡಿಸಿದರೆ ಮಾತ್ರ ಉಂಟು. ಟಿಪ್ಪುವಿನ ಸೈನಿಕರ ಕೈಗೆ ಸಿಕ್ಕು ಮೂಗು ಕಳೆದುಕೊಂಡಿದ್ದ, ಇಂಗ್ಲಿಷರ ದಂಡಿನ ಎತ್ತು ಹೊಡೆಯುವ ಕಾವಸ್‌ಜಿಗೆ ಪುಣೆಯಲ್ಲಿ ಹಣೆಯ ಚರ್ಮದಿಂದ ಹೊಸ ಮೂಗು ಕಟ್ಟಿದರು. ಲಂಡನ್ನಿನ ಪತ್ರಿಕೆಯೊಂದು 1794ರಲ್ಲಿ ಅದನ್ನು ಚಿತ್ರಸಮೇತ ಅಚ್ಚು ಹಾಕಿತು. ಈ ವಿದ್ಯೆ ಮೊದಲು ಇದ್ದದ್ದು ಅಂಥವರಿಗಾಗಿ. ಕಾನೂನು ಈಗಲೂ ಅಂಥ ಮೂಗನ್ನೂ ನನ್ನ ಮೂಗನ್ನೂ ಬೇರೆಬೇರೆ ಖಾತೆಗೆ ಬರೆಯುತ್ತದೆ.

ಆರೋಗ್ಯ ವಿಮೆಯಲ್ಲೂ ಹಾಗೆಯೇ. ಅಂದದ ಸರ್ಜರಿಗೆ ರೊಕ್ಕ ಬರುವುದಿಲ್ಲ; ಅಪಘಾತ, ಸುಟ್ಟಗಾಯ, ಕ್ಯಾನ್ಸರ್ ಆದಮೇಲಿನ ಮರುಜೋಡಣೆಗೆ, ಇಲ್ಲವೇ ಆರೋಗ್ಯಕ್ಕೆ ಬೇಕೇಬೇಕೆಂದು ವೈದ್ಯರು ಬರೆದುಕೊಟ್ಟರೆ ಬರುತ್ತದೆ. ಹಾಗಾಗಿ ನಾನು ಮೊದಲು ಹೋದದ್ದು ಕಿವಿ-ಮೂಗು-ಗಂಟಲು ವೈದ್ಯರ ಹತ್ತಿರ. ಹೊಳ್ಳೆಯೊಳಗೆ ಕ್ಯಾಮೆರಾ ಇಟ್ಟು ನೋಡಿ, ನಡುಗೋಡೆ ಬಲಕ್ಕೆ ಬಾಗಿದೆ ಎಂದು ಬರೆದುಕೊಟ್ಟರು. ಈ ಕಾಯಿಲೆಗೆ ನನ್ನ ಪಾಲಿಸಿಯಲ್ಲಿದ್ದ ಎರಡು ವರ್ಷದ ಕಾಯುವ ಅವಧಿ ಮುಗಿದಿದೆ. ನಡುಗೋಡೆಗೊಂದು, ಹೊರಗಿನ ಆಕಾರಕ್ಕೊಂದು ಅಂದಾಜುಪಟ್ಟಿ ಬೇರೆಬೇರೆ ಕೊಡಿ ಎಂದು ಕೇಳಿದ್ದೇನೆ. ಅಂದದ ಆಪರೇಷನ್ ಆದಮೇಲೆ ಬಂದ ತೊಂದರೆ ಎಂದು ವಿಮಾ ಕಂಪನಿ ತಕರಾರು ತೆಗೆಯಬಹುದು. ಅದಕ್ಕೇ ಆಪರೇಷನ್‌ಗೆ ಮುಂಚೆಯೇ ಕಂಪನಿಗೆ ಪತ್ರ ಬರೆದಿದ್ದೇನೆ.

ಇನ್ನು ಅಂದದ ಭಾಗ. ಮೊದಲು ಮಾಡಿದ ವೈದ್ಯರು ತಮ್ಮ ಫೀ ಬೇಡ ಎಂದರು. ಅರಿವಳಿಕೆ, ಥಿಯೇಟರ್, ಕೋಣೆಯ ಬಾಡಿಗೆ ನನ್ನದೇ. ಮರು ಆಪರೇಷನ್ ಬಂದರೆ ಯಾವ ಖರ್ಚು ಯಾರದು ಎಂದು ಮೊದಲ ಮುಂಗಡ ಕಟ್ಟುವ ಮುಂಚೆಯೇ ಬರೆಸಿಕೊಳ್ಳಬೇಕಿತ್ತು. ನಾನು ಬರೆಸಿಕೊಳ್ಳಲಿಲ್ಲ. ಇನ್ನೊಂದು ಕಡೆ 2,80,000 ಹೇಳಿದರು, ತೆರಿಗೆ ಬೇರೆ. ಎರಡನೇ ಸಲದ್ದು ಕಷ್ಟದ ಕೆಲಸ: ಒಳಗೆ ಗಾಯ ಮಾಗಿ ಗಟ್ಟಿಯಾಗಿರುತ್ತದೆ, ಮೂಗಿನ ಮೆತ್ತನೆಯ ಎಲುಬು ಸಾಲದಿದ್ದರೆ ಕಿವಿಯಿಂದಲೋ ಪಕ್ಕೆಯಿಂದಲೋ ತೆಗೆಯಬೇಕು. ಹನ್ನೆರಡು ಕಂತು, ಬಡ್ಡಿ ಇಲ್ಲ ಎಂದರು. ಒಮ್ಮೆಲೇ ಕೊಟ್ಟರೆ ಎಷ್ಟು ಎಂದೆ. 2,62,000ಕ್ಕೆ ಇಳಿದರು. ಆ 18,000 ಬಡ್ಡಿಯಲ್ಲದೆ ಮತ್ತೇನು? ಲೆಕ್ಕ ಹಾಕಿದರೆ ವರ್ಷಕ್ಕೆ ಶೇ 12ಕ್ಕೂ ಮೇಲೆ ಬೀಳುತ್ತದೆ.

"ಕಳ್ಕೊಂಡಲ್ಲೇ ಹುಡುಕ್ಬೇಕವಾ" ಎಂದಳು ಅವ್ವ. "ಎರಡೂಕಾಲು ಲಕ್ಷ ಹಾಕೀದಿ, ಇನ್ನಷ್ಟು ಹಾಕಿ ನೆಟ್ಟಗ ಮಾಡಿಸ್ಕೋ." ಅವಳ ಸಂಕಟ ನನಗೆ ತಿಳಿಯುತ್ತದೆ. ಅಜ್ಜಿಯ ಮೂಗುಬೊಟ್ಟು ನನಗೆಂದೇ ಡಬ್ಬಿಯಲ್ಲಿ ಇಟ್ಟಿದ್ದಾಳೆ. ಆದರೆ ರೊಕ್ಕದ ಮಟ್ಟಿಗೆ ನಾನು ಈ ಮಾತು ಒಪ್ಪಲಾರೆ. ಹೋದ 2,31,000 ಎರಡನೇ ಆಪರೇಷನ್ ಮಾಡಿಸಿದರೂ ಬರುವುದಿಲ್ಲ, ಬಿಟ್ಟರೂ ಬರುವುದಿಲ್ಲ. ಮೂಗು ಈಗ ಇರುವ ಹಾಗೆಯೇ ಹುಟ್ಟಿನಿಂದ ಇದ್ದಿದ್ದರೆ ಈ ತಗ್ಗಿಗೆ ಮೂರು ಲಕ್ಷ ಕೊಡುತ್ತಿದ್ದೆನೇ ಎಂದು ನನ್ನನ್ನೇ ಕೇಳಿಕೊಂಡೆ. ಉಸಿರಿಗಾದರೆ ಕೊಡುತ್ತಿದ್ದೆ. ತಗ್ಗಿಗೆ ಇವತ್ತಿಗೆ ಉತ್ತರ ಇಲ್ಲ.

ಉತ್ತರಕ್ಕೆ ಅವಸರವೂ ಇಲ್ಲ. ಊತ ಪೂರ್ತಿ ಇಳಿಯಲು ಒಂದು ವರ್ಷ ಬೇಕು. ಅದಕ್ಕೂ ಮುಂಚೆ ಆಕಾರಕ್ಕೆಂದು ಕತ್ತಿ ಹಾಕುವುದು ತಪ್ಪು ಎಂದು ಇಬ್ಬರು ವೈದ್ಯರು ಹೇಳಿದರು. 2024ರ ಆಗಸ್ಟ್ 10ರ ರಾತ್ರಿ ನಮ್ಮ ತುಂಗಭದ್ರಾ ಜಲಾಶಯದ 19ನೇ ಗೇಟು ಚೈನು ಕಡಿದು ಕೊಚ್ಚಿಹೋದಾಗ ಒಂದು ವಾರದಲ್ಲಿ ತಾತ್ಕಾಲಿಕ ಗೇಟು ಕೂರಿಸಿದರು. ಪೂರ್ತಿ ಹೊಸದಕ್ಕೆ ನೀರು ಇಳಿಯುವ ತನಕ ಕಾಯಬೇಕಾಯಿತು. ಅದನ್ನು ಕಣ್ಣಾರೆ ಕಂಡ ಊರಿನವಳಿಗೆ ಕಾಯುವುದು ಹೊಸದಲ್ಲ.

ಕಾಯುವಾಗ ಸುಮ್ಮನೆ ಕೂತಿಲ್ಲ. ಚಿಕಿತ್ಸೆಯ ದಾಖಲೆ ಕೇಳಿದರೆ 72 ಗಂಟೆಯೊಳಗೆ ಕೊಡಬೇಕೆಂಬ ನಿಯಮ 2002ರಿಂದ ಇದೆ. ಅರ್ಜಿ ಕೊಟ್ಟು ಆಪರೇಷನ್ ಟಿಪ್ಪಣಿ ತರಿಸಿಕೊಂಡೆ. ಎರಡನೇ ಸಲ ಯಾರೇ ಮಾಡಲಿ, ಮೊದಲು ಕೇಳುವುದು ಅದನ್ನೇ. ಗ್ರಾಹಕ ಆಯೋಗಕ್ಕೆ ಹೋಗಲು ಎರಡು ವರ್ಷದ ಗಡುವಿದೆ, ಆದರೆ ಮೂಗು ಮನಸ್ಸಿಗೆ ಬರಲಿಲ್ಲ ಎಂಬುದಷ್ಟೇ ವೈದ್ಯರ ನಿರ್ಲಕ್ಷ್ಯ ಆಗುವುದಿಲ್ಲ. ನನ್ನ ಕಾಗದಗಳಲ್ಲಿ ಅಂಥದ್ದೇನೂ ಕಾಣಲಿಲ್ಲ, ಆ ದಾರಿ ಬಿಟ್ಟೆ.

ತಿಂಗಳಿಗೆ 6,000ದ ಹೊಸ ಆರ್‌ಡಿ ತೆರೆದಿದ್ದೇನೆ. ಮೊನ್ನೆ ಎರಡನೇ ಕಂತು ಕಟ್ಟಿ ಬರುವಾಗ ಅವ್ವ ಕೇಳಿದಳು, "ಇದು ಮೂಗಿಂದೇನವಾ?" ಉಸಿರಿಂದು ಅಂದೆ. ವಿಮಾ ಕಂಪನಿಯ ಉತ್ತರ ಇನ್ನೂ ಬಂದಿಲ್ಲ.