ಫಿಲ್ಟರ್‌ಗೂ ಆಯುಷ್ಯವಿದೆ

"ಮನೆಯಲ್ಲಿ ಫಿಲ್ಟರ್ ನೀರನ್ನೇ ಕುಡಿಯುತ್ತೇವೆ, ಆದರೂ ಮಗನಿಗೆ ಕಾಮಾಲೆ ಹೇಗೆ ಬಂತು ಡಾಕ್ಟ್ರೇ?" ಎಂದು ಕೇಳುವ ತಾಯಂದಿರು ಅನೇಕ. ಶಾಲೆಯ ಬಳಿ ಕುಡಿದ ಕಬ್ಬಿನ ಹಾಲು, ಪಾನಿಪುರಿಯ ನೀರು ಕಾರಣವಾಗಿರಬಹುದು. ಆದರೆ ಮನೆಯ ಫಿಲ್ಟರನ್ನೂ ಒಮ್ಮೆ ವಿಚಾರಿಸಬೇಕು. ಅದರೊಳಗಿನ ಭಾಗಗಳನ್ನು ಕೊನೆಯ ಸಲ ಬದಲಾಯಿಸಿದ್ದು ಯಾವಾಗ ಎಂದರೆ ಹೆಚ್ಚಿನ ಮನೆಗಳಲ್ಲಿ ಉತ್ತರವಿರುವುದಿಲ್ಲ. ನಲ್ಲಿ ತಿರುಗಿಸಿದರೆ ನೀರು ಬರುತ್ತದೆ, ಅಷ್ಟಕ್ಕೇ ಎಲ್ಲರೂ ನಿಶ್ಚಿಂತರು.

ಸೋಸುವ ವಸ್ತು ಕೊಳೆಯನ್ನು ನಾಶಮಾಡುವುದಿಲ್ಲ, ಹಿಡಿದಿಡುತ್ತದೆ ಅಷ್ಟೆ. ಹಿಡಿದದ್ದೆಲ್ಲ ಅದರೊಳಗೇ ಉಳಿಯುತ್ತದೆ. ತೇವವಿರುವ ಆ ಜಾಗದಲ್ಲಿ ರೋಗಾಣುಗಳು ಮನೆಮಾಡಿ ಬೆಳೆಯುತ್ತವೆ. ಅವಧಿ ಮೀರಿದ ಫಿಲ್ಟರ್ ನೀರನ್ನು ಶುದ್ಧಗೊಳಿಸದು. ಶುದ್ಧವಾಗಿದೆ ಎಂಬ ಸುಳ್ಳು ಧೈರ್ಯವನ್ನಷ್ಟೇ ಕೊಡುತ್ತದೆ.

ತಿಳಿನೀರೆಲ್ಲ ಶುದ್ಧವಲ್ಲ

ವಿಷಮಶೀತ ಜ್ವರದ ಬ್ಯಾಕ್ಟೀರಿಯಾದ ಉದ್ದ ಒಂದು ಮಿಲಿಮೀಟರಿನ ಸಾವಿರದಲ್ಲಿ ಎರಡು ಮೂರು ಭಾಗ. ಕಾಮಾಲೆ ತರುವ ವೈರಸ್ ಅದಕ್ಕಿಂತಲೂ ಹತ್ತಾರು ಪಟ್ಟು ಚಿಕ್ಕದು. ಇವೆರಡೂ ಕಣ್ಣಿಗೆ ಕಾಣುವುದಿಲ್ಲ, ನಾಲಗೆಗೆ ತಿಳಿಯುವುದಿಲ್ಲ.

1955–56ರಲ್ಲಿ ದೆಹಲಿಯಲ್ಲಿ ಯಮುನಾ ನದಿಯಿಂದ ಕುಡಿಯುವ ನೀರು ಎತ್ತುವ ಜಾಗಕ್ಕೆ ಚರಂಡಿ ನೀರು ಸೇರಿ, ಸುಮಾರು 29,000 ಜನರಿಗೆ ಕಾಮಾಲೆ ಬಂತು. ಆದರೆ ವಿಷಮಶೀತ ಜ್ವರ ಮಾತ್ರ ಹೆಚ್ಚಲಿಲ್ಲ. ಕ್ಲೋರಿನ್ ಬ್ಯಾಕ್ಟೀರಿಯಾಗಳನ್ನು ಕೊಂದಿತ್ತು, ವೈರಸ್ ತಪ್ಪಿಸಿಕೊಂಡಿತ್ತು. ಅದು ಹೆಪಟೈಟಿಸ್ 'ಇ' ಎಂದು ತಿಳಿದದ್ದು ಎಷ್ಟೋ ವರ್ಷಗಳ ನಂತರ. ಈ ಕಾಯಿಲೆ ತುಂಬು ಗರ್ಭಿಣಿಯರ ಪ್ರಾಣಕ್ಕೇ ಎರವಾಗಬಲ್ಲದು. ಒಂದು ರೋಗಾಣುವನ್ನು ತಡೆಯುವ ವಿಧಾನ ಇನ್ನೊಂದನ್ನು ತಡೆಯಲೇಬೇಕೆಂದಿಲ್ಲ. ಆದ್ದರಿಂದ ನಿಮ್ಮ ಫಿಲ್ಟರಿನ ಯಾವ ಭಾಗ ಯಾವ ಕೆಲಸ ಮಾಡುತ್ತದೆ ಎಂಬುದು ತಿಳಿದಿರಬೇಕು.

ಯಾವುದನ್ನು ಯಾವಾಗ ಬದಲಿಸಬೇಕು?

ಕ್ಯಾಂಡಲ್: ಸ್ಟೀಲ್ ಫಿಲ್ಟರಿನ ಬಿಳಿ ಕ್ಯಾಂಡಲನ್ನು ವಾರಕ್ಕೊಮ್ಮೆ ಮೆತ್ತನೆಯ ಬ್ರಷ್‌ನಿಂದ ಶುದ್ಧ ನೀರಿನಲ್ಲಿ ಉಜ್ಜಿ ತೊಳೆಯಿರಿ. ಸೋಪು ಬೇಡ. ಕೂದಲೆಳೆಯಷ್ಟು ಬಿರುಕು ಕಂಡರೂ ಎಸೆಯಿರಿ. ಬಿರುಕಿಲ್ಲದಿದ್ದರೂ ಆರು ತಿಂಗಳಿಂದ ಒಂದು ವರ್ಷದೊಳಗೆ ಬದಲಿಸಿ. ಕ್ಯಾಂಡಲ್ ವೈರಸ್‌ಗಳನ್ನು ತಡೆಯಲಾರದು, ಹಾಗಾಗಿ ಸೋಸಿದ ನೀರನ್ನು ಕುದಿಸಿಯೇ ಕುಡಿಯಿರಿ.

ಮಣ್ಣು ತಡೆಯುವ ಕಾರ್ಟ್ರಿಜ್: ದಾರದ ಉಂಡೆಯಂತಿರುವ ಇದು ಹೊಸದಿದ್ದಾಗ ಬೆಳ್ಳಗಿರುತ್ತದೆ. ಸುಮಾರು ಆರು ತಿಂಗಳಿಗೊಮ್ಮೆ ಬದಲಿಸಿ. ಮಳೆಗಾಲದಲ್ಲಿ ಕೆಂಪು ನೀರು ಬಂದರೆ ಇನ್ನೂ ಬೇಗ ಕಟ್ಟಿಕೊಳ್ಳುತ್ತದೆ.

ಇದ್ದಿಲಿನ ಕಾರ್ಟ್ರಿಜ್: ಕ್ಲೋರಿನ್ ಮತ್ತು ಕೆಟ್ಟ ವಾಸನೆಯನ್ನು ಹೀರುತ್ತದೆ. ಇದರ ಶಕ್ತಿ ಮುಗಿದದ್ದು ನೋಟಕ್ಕೆ ತಿಳಿಯುವುದಿಲ್ಲ. ಆರು ತಿಂಗಳಿಂದ ಒಂದು ವರ್ಷ ಇದರ ಅವಧಿ.

ಯು.ವಿ. ದೀಪ: ದೀಪ ಉರಿಯುತ್ತಿದ್ದರೆ ಸಾಕು ಎಂಬ ಭಾವನೆ ತಪ್ಪು. ರೋಗಾಣು ಕೊಲ್ಲುವ ಕಿರಣಗಳು ದಿನೇ ದಿನೇ ಕ್ಷೀಣಿಸುತ್ತವೆ, ನೀಲಿ ಬೆಳಕು ಮಾತ್ರ ಹಾಗೆಯೇ ಕಾಣುತ್ತದೆ. ಸುಮಾರು ವರ್ಷಕ್ಕೊಮ್ಮೆ ಬದಲಿಸಬೇಕು.

ಆರ್.ಓ. ಪೊರೆ: ಸಾಮಾನ್ಯವಾಗಿ ಎರಡರಿಂದ ಮೂರು ವರ್ಷ ಬಾಳುತ್ತದೆ. ನೀರಿನಲ್ಲಿ ಕರಗಿದ ಲವಣಗಳನ್ನು ಅಳೆಯುವ ಚಿಕ್ಕ ಟಿ.ಡಿ.ಎಸ್. ಮೀಟರ್ ಅಂಗಡಿಗಳಲ್ಲಿ ಸಿಗುತ್ತದೆ. ಹೊಸ ಪೊರೆ ಹಾಕಿದ ದಿನ ಅಳೆದು ಬರೆದಿಡಿ. ಮುಂದೆ ಆ ಸಂಖ್ಯೆ ಏರುತ್ತಾ ಹೋದರೆ ಪೊರೆ ಸೋತಿದೆ ಎಂದರ್ಥ. ಮೀಟರ್ ಲವಣವನ್ನು ಅಳೆಯುತ್ತದೆಯೇ ಹೊರತು ರೋಗಾಣುವನ್ನಲ್ಲ ಎಂಬುದು ನೆನಪಿರಲಿ.

ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದ ಕಡೆ ಅನೇಕ ಕೊಳವೆ ಬಾವಿಗಳಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ 1 ಮಿಲಿಗ್ರಾಂ ಮೀರಬಾರದೆಂಬುದು ಭಾರತೀಯ ಮಾನಕ. ಬೇರೆ ನೀರೇ ಇಲ್ಲದಲ್ಲಿ 1.5ರವರೆಗೆ ಒಪ್ಪಿಗೆ. ಇಲ್ಲಿ ಪೊರೆ ಸವೆದರೆ ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ ಮೂಡುತ್ತದೆ, ವರ್ಷಗಳು ಕಳೆದಂತೆ ಮೂಳೆ ಕೀಲುಗಳು ಬಿಗಿಯುತ್ತವೆ. ಕುದಿಸುವುದರಿಂದ ಫ್ಲೋರೈಡ್ ಹೋಗದು.

ಗಾಳಿಯ ಫಿಲ್ಟರ್

ಕಲಬುರಗಿ, ರಾಯಚೂರಿನ ಬಿಸಿಲಿಗೆ ಕೂಲರ್ ಅನಿವಾರ್ಯ. ಅದರ ಹುಲ್ಲಿನ ಪ್ಯಾಡನ್ನು ಪ್ರತಿ ಬೇಸಿಗೆಗೂ ಹೊಸದಾಗಿ ಹಾಕಿಸಿ. ಹಳೆಯದರಲ್ಲಿ ಬೂಷ್ಟು ಬೆಳೆದು ಆಸ್ತಮಾ ಇರುವವರಿಗೆ ದಮ್ಮು ಕೆರಳುತ್ತದೆ. ತೊಟ್ಟಿಯ ನೀರನ್ನು ವಾರಕ್ಕೊಮ್ಮೆ ಪೂರ್ತಿ ಚೆಲ್ಲಿ, ಒಳಗೆ ಉಜ್ಜಿ ಒಣಗಿಸಿ. ಇಲ್ಲದಿದ್ದರೆ ಡೆಂಗಿ ಸೊಳ್ಳೆ ಅಲ್ಲೇ ಮೊಟ್ಟೆಯಿಡುತ್ತದೆ. ಎ.ಸಿ.ಯ ಜಾಲರಿಯನ್ನು ಬಳಸುವ ದಿನಗಳಲ್ಲಿ ತಿಂಗಳಿಗೊಮ್ಮೆಯಾದರೂ ತೊಳೆದು ಒಣಗಿಸಿ. ಗಾಳಿ ಶುದ್ಧೀಕರಿಸುವ ಯಂತ್ರದ 'ಹೆಪಾ' ಫಿಲ್ಟರನ್ನು ಸಾಮಾನ್ಯವಾಗಿ ತೊಳೆಯುವಂತಿಲ್ಲ. ಅವಧಿ ಮುಗಿದಾಗ ಬದಲಿಸಲೇಬೇಕು.

ನೆನಪಿಡುವುದು ಹೇಗೆ?

ಆಯುಧ ಪೂಜೆಯ ದಿನ ವಾಹನ, ಮಿಕ್ಸಿ, ಹೊಲಿಗೆ ಯಂತ್ರ ಎಲ್ಲವನ್ನೂ ತೊಳೆದು ಕುಂಕುಮ ಇಡುತ್ತೇವೆ. ಫಿಲ್ಟರನ್ನೂ ಆ ಸಾಲಿಗೆ ಸೇರಿಸಿ. ಆಯುಧ ಪೂಜೆಗೂ ಯುಗಾದಿಗೂ ನಡುವೆ ಸರಿಸುಮಾರು ಆರು ತಿಂಗಳು. ಆರು ತಿಂಗಳ ಭಾಗಗಳನ್ನು ಎರಡೂ ಹಬ್ಬಗಳಿಗೆ, ವರ್ಷದ ಭಾಗಗಳನ್ನು ಒಂದು ಹಬ್ಬಕ್ಕೆ ಬದಲಿಸಿದರೆ ಮರೆಯುವ ಪ್ರಶ್ನೆಯೇ ಇಲ್ಲ. ಬದಲಿಸಿದ ದಿನಾಂಕವನ್ನು ಚೀಟಿಯಲ್ಲಿ ಬರೆದು ಯಂತ್ರಕ್ಕೇ ಅಂಟಿಸಿ. ನಿಮ್ಮ ಯಂತ್ರದ ಕೈಪಿಡಿಯಲ್ಲಿ ಇದಕ್ಕಿಂತ ಕಡಿಮೆ ಅವಧಿ ಹೇಳಿದ್ದರೆ ಅದನ್ನೇ ಪಾಲಿಸಿ. ಊರಿಗೆ ಹೋಗಿ ವಾರ ಬಿಟ್ಟು ಬಂದಾಗ ಫಿಲ್ಟರಿನಲ್ಲಿ ನಿಂತ ನೀರನ್ನು ಚೆಲ್ಲಿ, ಆಮೇಲೆ ಬಳಸಿ.

ಹೊಸ ಕಾರ್ಟ್ರಿಜ್‌ಗೆ ಈ ತಿಂಗಳು ದುಡ್ಡಿಲ್ಲವೇ? ಹಳೆಯದನ್ನು ನಂಬಿ ಕೂರಬೇಡಿ. ನೀರು ಕೊತಕೊತ ಕುದಿಯತೊಡಗಿದ ಮೇಲೆ ಒಂದು ನಿಮಿಷ ಹಾಗೆಯೇ ಬಿಟ್ಟರೆ ವಿಷಮಶೀತ ಜ್ವರದ ಬ್ಯಾಕ್ಟೀರಿಯಾವೂ ಕಾಮಾಲೆಯ ವೈರಸ್ಸೂ ಸಾಯುತ್ತವೆ. ಅದೇ ಪಾತ್ರೆಯಲ್ಲಿ ಮುಚ್ಚಿಟ್ಟು ಆರಿಸಿ, ಹಿಡಿಯಿರುವ ಸೌಟಿನಿಂದಲೇ ತೆಗೆಯಿರಿ. ಮನೆಯಲ್ಲಿ ಗರ್ಭಿಣಿ, ಎಳೆಗೂಸು ಅಥವಾ ವಯಸ್ಸಾದವರಿದ್ದರೆ ಈ ವಿಷಯದಲ್ಲಿ ಒಂದು ದಿನವೂ ಉದಾಸೀನ ಸಲ್ಲದು.